ಸೇವೆಗೂ ತಾಲೀಮು ಬೇಕೆಂದ ಡಾಕ್ಟರು
(ಡಾ. ನಾ.ಸು. ಹರ್ಡೀಕರ್ ಅವರ ಬದುಕಿನ ಕಥೆ)

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಒಬ್ಬ ಹಿರಿಯರ ಜೀವನದ ಬಗ್ಗೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದಾಗ, ಸಹಕಾರಿ ಕ್ಷೇತ್ರದವರೊಬ್ಬರ ಹೆಸರು ಹೇಳುತ್ತೀನಿ ಅಂತಲೇ ಎಲ್ಲರೂ ಎಣಿಸಿದ್ದರು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇದ್ದೇ ಇದ್ದಾರೆ. ಅವರ ಭಾವಚಿತ್ರ ಇಲ್ಲದ ಸಹಕಾರಿ ಸಪ್ತಾಹವೇ ಇಲ್ಲ. ಆದರೆ ನಾನು ಬರೆಯಲು ಹೊರಟಿರುವುದು ಅದೇ ಸೀಮೆಯ ಇನ್ನೊಬ್ಬರನ್ನು ಕುರಿತು. ಅವರು ಸಾಲ ಕೊಡುವ ಸಂಘ ಕಟ್ಟಲಿಲ್ಲ. ಸಂಬಳ ಕೇಳದೆ ದುಡಿಯುವ ಹುಡುಗರ ಸಂಘ ಕಟ್ಟಿದರು. ಹೆಸರು ನಾರಾಯಣ ಸುಬ್ಬರಾವ್ ಹರ್ಡೀಕರ್. ಹೆಸರು ಕೇಳಿದ ಕೂಡಲೇ ಕೆಲವರಿಗೆ ಹರ್ಡೇಕರ ಮಂಜಪ್ಪನವರ ನೆನಪಾಗಬಹುದು. ಅವರು ಬೇರೆ, ಇವರು ಬೇರೆ. ಮಂಜಪ್ಪನವರು ಕರ್ನಾಟಕದ ಗಾಂಧಿ ಅನ್ನಿಸಿಕೊಂಡ ಬರಹಗಾರರು. ನಾನು ಹೇಳುತ್ತಿರುವವರು ಹುಬ್ಬಳ್ಳಿಯ ಡಾಕ್ಟರು.

ಇವರೇ ಯಾಕೆ ಅಂತ ಕೇಳಿದರೆ ಹಳೆಯ ಒಂದು ಸಂಗತಿ ಹೇಳಬೇಕು. ನಾವೆಲ್ಲ ಹುಡುಗರಾಗಿದ್ದಾಗ ನಮ್ಮ ಕಡೆಯ ಒಂದು ತೇರಿಗೆ ಸ್ವಯಂಸೇವಕರಾಗಿ ಹೋಗಿದ್ದೆವು. ಇಪ್ಪತ್ತು ಜನ ಇದ್ದೆವು. ಎದೆಯ ಮೇಲೆ ಬಣ್ಣದ ರಿಬ್ಬನ್ನಿನ ಬ್ಯಾಡ್ಜು, ಕೈಯಲ್ಲಿ ಒಂದೊಂದು ಸೀಟಿ. ಬೆಳಿಗ್ಗೆಯಿಂದ ಸೀಟಿ ಊದಿದ್ದೇ ಊದಿದ್ದು. ಮಧ್ಯಾಹ್ನದ ಸುಡುಬಿಸಿಲಲ್ಲಿ, ತೇರಿನ ನೂಕುನುಗ್ಗಲಲ್ಲಿ ಒಬ್ಬ ಅಜ್ಜಿ ದೊಪ್ಪನೆ ಬಿದ್ದುಬಿಟ್ಟರು. ನಾವು ಇಪ್ಪತ್ತು ಜನವೂ ಓಡಿ ಹೋಗಿ ಸುತ್ತ ನಿಂತೆವು. ಒಬ್ಬ ಆಕೆಯ ಬಾಯಿಗೆ ನೀರು ಹುಯ್ಯಲು ಹೋದ, ಇನ್ನೊಬ್ಬ ಎತ್ತಿ ಕೂರಿಸಲು ಹೋದ, ಉಳಿದವರು ಇಣುಕಿ ನೋಡಿದೆವು. ಗಾಳಿ ಬರುವ ಜಾಗವನ್ನೆಲ್ಲ ನಾವೇ ಮುಚ್ಚಿದ್ದೆವು. ಆಗ ನಿವೃತ್ತ ಮೇಷ್ಟ್ರೊಬ್ಬರು ನಮ್ಮನ್ನು ಸರಿಸಿಕೊಂಡು ಒಳಗೆ ಬಂದು, ಅಜ್ಜಿಯನ್ನು ಚಪ್ಪಟೆಯಾಗಿ ಮಲಗಿಸಿ, ಕಾಲು ಎತ್ತರಕ್ಕೆ ಇಡಿಸಿ, ಕತ್ತಿನ ಹತ್ತಿರದ ಬಟ್ಟೆ ಸಡಿಲ ಮಾಡಿ, ನಾಲ್ಕು ಜನಕ್ಕೆ ಟವೆಲ್ ಹಿಡಿಸಿ ನೆರಳು ಮಾಡಿಸಿದರು. ಬಾಯಿಗೆ ನೀರು ಹುಯ್ಯುತ್ತಿದ್ದವನ ಕೈಯಿಂದ ಚೊಂಬು ಕಿತ್ತುಕೊಂಡರು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು ಅನ್ನುವುದು ನನಗೆ ಗೊತ್ತಾದದ್ದು ಆವತ್ತು. ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟರು. ಸಂಜೆ ಮೇಷ್ಟ್ರನ್ನು ವಿಚಾರಿಸಿದಾಗ, ಹಿಂದೆ ಭಾರತ ಸೇವಾದಳದ ಶಿಬಿರಕ್ಕೆ ಹೋಗಿದ್ದಾಗ ಕಲಿತದ್ದು ಅಂದರು. ನಮ್ಮ ಇಪ್ಪತ್ತು ಬ್ಯಾಡ್ಜುಗಳಿಗಿಂತ ಅವರ ಒಂದು ಶಿಬಿರ ಕೆಲಸಕ್ಕೆ ಬಂತು. ಆ ಸೇವಾದಳದ ಮೂಲಪುರುಷರೇ ಡಾ. ಹರ್ಡೀಕರ್.

ಸೇವಾದಳ ಅಂದರೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಆಗಸ್ಟ್ 15, ಜನವರಿ 26 ಬಂದರೆ ಶಾಲೆಯ ಮಕ್ಕಳು ಬಿಳಿ ಟೋಪಿ, ಬಿಳಿ ಬಟ್ಟೆ ಹಾಕಿಕೊಂಡು ಸಾಲಾಗಿ ಬರುತ್ತಾರಲ್ಲ, ಬಾವುಟವನ್ನು ಹೇಗೆ ಮಡಚಬೇಕು, ಹೇಗೆ ಕಟ್ಟಬೇಕು, ಹೇಗೆ ಇಳಿಸಬೇಕು ಅಂತ ದೊಡ್ಡವರಿಗೇ ಹೇಳಿಕೊಡುತ್ತಾರಲ್ಲ, ಅವರು. ಆ ಮಕ್ಕಳಿಗೆ ಹರ್ಡೀಕರರ ಹೆಸರು ಬಾಯಿಪಾಠ. ದೊಡ್ಡವರಾದ ನಮಗೇ ಮರೆತಿರುವುದು.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ಆಗ ಅದು ಮುಂಬಯಿ ಪ್ರಾಂತ್ಯದ ಊರು. ನಮ್ಮ ಮಧುಗಿರಿ ಸೀಮೆ ಮೈಸೂರು ಮಹಾರಾಜರದ್ದು, ಅವರ ಸೀಮೆ ನೇರ ಬ್ರಿಟಿಷರದ್ದು. ಅವರು ಹತ್ತು ವರ್ಷದ ಹುಡುಗನಾಗಿದ್ದ ಆಸುಪಾಸಿನಲ್ಲಿ ಹುಬ್ಬಳ್ಳಿ ಧಾರವಾಡವನ್ನು ಪ್ಲೇಗು ಹಿಂಡಿಹಾಕಿತು. ಪ್ಲೇಗು ಅಂದರೆ ಏನು ಅಂತ ನಮ್ಮ ಹಿರೀಕರಿಗೂ ಗೊತ್ತಿತ್ತು. ಊರಲ್ಲಿ ಇಲಿ ಬಿದ್ದಿತು ಅಂದರೆ ಪಾತ್ರೆ ಪಗಡ ಕಟ್ಟಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದ ಕಥೆಗಳನ್ನು ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಬಂಧುಗಳೇ ಹೆಣ ಮುಟ್ಟಲು ಹೆದರಿ ಓಡುತ್ತಿದ್ದ ಕಾಲ ಅದು. ಅಂಥ ಸೀಮೆಯಲ್ಲಿ ಬೆಳೆದ ಹುಡುಗ ಮುಂದೆ ವೈದ್ಯ ಓದಿದ, ಅದರಲ್ಲೂ ಜನರ ಆರೋಗ್ಯದ ಶಾಸ್ತ್ರ ಓದಿದ.

ವೈದ್ಯ ಓದಲು ಅವರು ಹೋದದ್ದು ದೂರದ ಕಲ್ಕತ್ತೆಗೆ. ಬಾಲಗಂಗಾಧರ ತಿಲಕರ ಮಾತಿಗೆ ಮನಸೋತಿದ್ದ ತಲೆಮಾರು ಅವರದು. ವಂಗಭಂಗದ ನಂತರದ ದಿನಗಳ ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿಯ ಗಾಳಿ ಇನ್ನೂ ಬೀಸುತ್ತಿತ್ತು. ಅಲ್ಲಿಂದ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಉನ್ನತ ವ್ಯಾಸಂಗ ಮಾಡಿದರು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆಗ ಪಂಜಾಬಿನ ಲಾಲಾ ಲಜಪತ ರಾಯರು ಅಮೆರಿಕದಲ್ಲೇ ಇದ್ದು, ಭಾರತದ ಪರವಾಗಿ ಅಲ್ಲಿನ ಜನರ ಮನಸ್ಸು ತಿರುಗಿಸುವ ಕೆಲಸ ಮಾಡುತ್ತಿದ್ದರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಇಂಡಿಯಾ ಹೋಂ ರೂಲ್ ಲೀಗ್ ಸ್ಥಾಪಿಸಿದಾಗ ಹರ್ಡೀಕರರು ಅವರ ಬಲಗೈಯಾದರು. ಲೀಗಿನಿಂದ ಯಂಗ್ ಇಂಡಿಯಾ ಅನ್ನುವ ಮಾಸಪತ್ರಿಕೆ ಹೊರಡುತ್ತಿತ್ತು. (ಗಾಂಧೀಜಿ ನಡೆಸಿದ ಯಂಗ್ ಇಂಡಿಯಾ ಬೇರೆ, ಅದು ಅನಂತರದ್ದು.) ಪತ್ರಿಕೆ ಕಟ್ಟುವುದು, ವಿಳಾಸ ಬರೆಯುವುದು, ಊರೂರು ತಿರುಗಿ ಭಾಷಣ ಮಾಡುವುದು, ಚಂದಾ ಎತ್ತುವುದು. ಸಂಘ ನಡೆಸಿದವರಿಗೆ ಗೊತ್ತು, ಈ ಕೆಲಸಗಳಿಗೆ ಹಾರ ತುರಾಯಿ ಇರೋದಿಲ್ಲ.

ಇಲ್ಲಿ ಒಂದು ಕುತೂಹಲದ ಸಂಗತಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಣ್ಣಿನ ಶಿಬಿರ, ರಕ್ತದಾನ ಶಿಬಿರ ಮಾಡುವ ರೋಟರಿ, ಲಯನ್ಸ್ ಕ್ಲಬ್ಬುಗಳನ್ನು ನೋಡಿದ್ದೀರಿ. ಅವೆರಡರ ತವರೂ ಅಮೆರಿಕದ ಷಿಕಾಗೋ ನಗರ. ರೋಟರಿಯನ್ನು ಪಾಲ್ ಹ್ಯಾರಿಸ್ ಅನ್ನುವ ವಕೀಲರು ಶುರು ಮಾಡಿದ್ದು 1905ರಲ್ಲಿ. ಕಣಗಿನಹಾಳದ ಸಹಕಾರಿ ಸಂಘ ಹುಟ್ಟಿದ್ದೂ ಅದೇ ವರ್ಷ. ಲಯನ್ಸ್ ಹುಟ್ಟಿದ್ದು 1917ರಲ್ಲಿ, ಹರ್ಡೀಕರರು ಅದೇ ದೇಶದಲ್ಲಿದ್ದಾಗ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳುವುದಿಲ್ಲ. ನಾಲ್ಕು ಜನ ಸೇರಿ, ನಿಯಮ ಬರೆದುಕೊಂಡು, ಲೆಕ್ಕ ಇಟ್ಟುಕೊಂಡು, ಊರಿನ ಕೆಲಸ ಮಾಡಬೇಕು ಅನ್ನುವ ಯೋಚನೆ ಆ ಹೊತ್ತಿಗೆ ಬೇರೆ ಬೇರೆ ದೇಶಗಳಲ್ಲಿ ಮೊಳಕೆ ಒಡೆದಿತ್ತು, ಅಷ್ಟೇ.

1921ರಲ್ಲಿ ಹರ್ಡೀಕರರು ಹಿಂದಿರುಗಿದರು. ಅಮೆರಿಕದಲ್ಲಿ ಓದಿ ಬಂದ ಡಾಕ್ಟರು ಅಂತ ಒಂದು ಬೋರ್ಡು ಹಾಕಿಕೊಂಡು ಕೂತಿದ್ದರೆ ಹುಬ್ಬಳ್ಳಿಯ ಪೇಟೆಯಲ್ಲಿ ಹಣದ ಮಳೆ ಸುರಿಯುತ್ತಿತ್ತು. ಅವರು ಆ ದಾರಿಗೆ ಹೋಗಲಿಲ್ಲ. ಅಸಹಕಾರ ಚಳವಳಿಯ ಬಿಸಿ ಏರಿದ್ದ ಕಾಲ. ಸಭೆ ಅಂದರೆ ಸಾವಿರಾರು ಜನ ಸೇರುತ್ತಿದ್ದರು. ಸೇರಿದವರು ಎಲ್ಲಿ ಕೂರಬೇಕು, ನೀರು ಎಲ್ಲಿ, ಹೆಂಗಸರಿಗೆ ಜಾಗ ಎಲ್ಲಿ ಅಂತ ಕೇಳುವವರಿಲ್ಲ. ಪೊಲೀಸರು ಲಾಠಿ ಎತ್ತಿದರೆ ಅರ್ಧ ಜನ ದಿಕ್ಕಾಪಾಲು. ಜೈಕಾರ ಕೂಗುವ ಉತ್ಸಾಹ ಬೇಕಾದಷ್ಟಿತ್ತು, ನಿಂತು ಕೆಲಸ ಮಾಡುವ ಪದ್ಧತಿ ಇರಲಿಲ್ಲ. ಅದಕ್ಕೆ ಹರ್ಡೀಕರರು ಹುಬ್ಬಳ್ಳಿಯ ಯುವಕರನ್ನು ಕಲೆಹಾಕಿ ಹುಬ್ಬಳ್ಳಿ ಸೇವಾ ಮಂಡಲ ಕಟ್ಟಿದರು. ಖಾದಿ ಉಡುಪು, ವ್ಯಾಯಾಮ, ಕವಾಯತು, ಪ್ರಥಮ ಚಿಕಿತ್ಸೆ, ಸಭೆಗಳ ಏರ್ಪಾಟು. ಇದು ಬರೀ ಒಂದು ಊರಿನ ಮಂಡಳಿ. ನಮ್ಮ ಊರಿನ ಯುವಕ ಸಂಘದ ಹಾಗೆಯೇ ಅಂದುಕೊಳ್ಳಿ. ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನದು ಇನ್ನೂ ಸ್ವಾರಸ್ಯವಾಗಿ ಕಾಣುತ್ತದೆ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅಲ್ಲಿನ ಕೆಲವು ಬೀದಿಗಳಲ್ಲಿ ರಾಷ್ಟ್ರೀಯ ಬಾವುಟ ಹಿಡಿದು ಹೋಗಬಾರದು ಅಂತ ಸರ್ಕಾರ ತಡೆ ಹಾಕಿತ್ತು. ಜಮನಾಲಾಲ್ ಬಜಾಜರು ಚಳವಳಿಯ ಮುಂದಾಳು. ಅವರು ಸೆರೆಯಾದ ಮೇಲೆ ವಲ್ಲಭಭಾಯಿ ಪಟೇಲರು ಹೊಣೆ ಹೊತ್ತರು. ದೇಶದ ಮೂಲೆಮೂಲೆಯಿಂದ ತಂಡ ತಂಡವಾಗಿ ಜನ ಬಂದು, ಬಾವುಟ ಹಿಡಿದು ಹೊರಟು, ಬಂಧನಕ್ಕೆ ಒಳಗಾಗುತ್ತಿದ್ದರು. ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ಹುಬ್ಬಳ್ಳಿಯ ಸೇವಾ ಮಂಡಲದ ಹುಡುಗರೂ ಹೋದರು.

ಹೊರಗೆ ಜೈಕಾರ ಹಾಕುವುದು ಸುಲಭ. ಜೈಲಿನ ಒಳಗೆ ಕಥೆಯೇ ಬೇರೆ. ಗೇಯ್ಮೆ ವಿಪರೀತ, ಅನ್ನ ಕೆಟ್ಟದ್ದು, ಏಟು ಬೈಗುಳ ಬೇರೆ. ತಪ್ಪಾಯಿತು ಅಂತ ಒಂದು ಕಾಗದಕ್ಕೆ ರುಜು ಹಾಕಿಕೊಟ್ಟರೆ ಮನೆಗೆ ಹೋಗಬಹುದು ಅನ್ನುವ ಆಸೆಯನ್ನು ಅಧಿಕಾರಿಗಳು ತೋರಿಸುತ್ತಿದ್ದರು. ಬಹಳ ಜನ ಸಹಿ ಮಾಡಿ ಹೊರಟರು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು, ಮಳೆ ಬಿದ್ದರೆ ಬಿತ್ತನೆ; ಬಡವನಿಗೆ ಜೈಲು ದುಬಾರಿ. ಆದರೆ ಹುಬ್ಬಳ್ಳಿಯ ಹುಡುಗರು ಸಹಿ ಮಾಡಲಿಲ್ಲ. ಅವರೇನೂ ಬೇರೆ ಮಣ್ಣಿನಲ್ಲಿ ಮಾಡಿದವರಲ್ಲ, ಅವರಿಗೂ ಹೊಟ್ಟೆ ಇತ್ತು, ಮನೆ ಇತ್ತು. ಹೋಗುವ ಮೊದಲೇ ಅವರನ್ನು ಹದ ಮಾಡಿ ಕಳಿಸಿದ್ದರು, ವ್ಯತ್ಯಾಸ ಅಷ್ಟೇ. ದಿನಾ ಬೆಳಿಗ್ಗೆ ಏಳುವುದು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನಿಲ್ಲುವುದು, ಪಕ್ಕದವನನ್ನು ಬಿಟ್ಟು ಹೋಗದಿರುವುದು, ಇದನ್ನು ತಿಂಗಳುಗಟ್ಟಲೆ ಮಾಡಿದವನಿಗೆ ಜೈಲಿನಲ್ಲೂ ಅದೇ ಅಭ್ಯಾಸ ಉಳಿಯುತ್ತದೆ.

ಈ ಸುದ್ದಿ ನಾಗಪುರ ಜೈಲಿನಲ್ಲಿದ್ದ ದೊಡ್ಡ ನಾಯಕರ ಕಿವಿಗೆ ಬಿತ್ತು. ಯಾರಿವರು, ಎಲ್ಲಿಯವರು, ಇವರನ್ನು ತಯಾರು ಮಾಡಿದವರು ಯಾರು ಅಂತ ವಿಚಾರಿಸಿ ಹರ್ಡೀಕರರನ್ನು ಕರೆಸಿಕೊಂಡರು. ಹುಬ್ಬಳ್ಳಿಯಲ್ಲಿ ಮಾಡಿದ್ದನ್ನು ಇಡೀ ದೇಶಕ್ಕೆ ಮಾಡಬೇಕು ಅನ್ನುವ ಮಾತು ಅಲ್ಲಿ ಹುಟ್ಟಿತು. ಒಂದು ಊರಿನ ಮಂಡಳಿಯ ನಡವಳಿಕೆ ನೋಡಿ ದೇಶದ ಸಂಸ್ಥೆಯೊಂದು ರೂಪುಗೊಂಡದ್ದು ಹೀಗೆ.

ಆದರೆ ಇದು ಹೂವಿನ ಹಾದಿಯಾಗಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಮೌಲಾನಾ ಮಹಮ್ಮದ್ ಅಲಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ. ಅಲ್ಲಿ ಸ್ವಯಂಸೇವಕ ದಳದ ಪ್ರಸ್ತಾಪ ಬಂದಾಗ ಹಿರಿಯರು ಕೆಲವರು ಮುಖ ಸಿಂಡರಿಸಿದರು. ಕವಾಯತು, ಸಮವಸ್ತ್ರ, ಸೀಟಿ ಇವೆಲ್ಲ ಸಿಪಾಯಿಗಳ ಕಾರುಬಾರು, ಅಹಿಂಸೆಗೂ ಇದಕ್ಕೂ ಎಲ್ಲಿಂದೆಲ್ಲಿಯ ನಂಟು ಅನ್ನುವುದು ಒಂದು ಆಕ್ಷೇಪ. ನಾಳೆ ಈ ದಳದವರೇ ಬೆಳೆದು ನಿಂತು ನಾಯಕರ ಮಾತು ಕೇಳದೆ ಹೋದರೆ ಅನ್ನುವ ಅಂಜಿಕೆ ಇನ್ನೊಂದು. ಈ ಆಕ್ಷೇಪದಲ್ಲಿ ಹುರುಳೇ ಇರಲಿಲ್ಲ ಅಂತ ನಾನು ಹೇಳಲಾರೆ. ಶಿಸ್ತಿನ ಹೆಸರಿನಲ್ಲಿ ಜನರನ್ನು ಹೆದರಿಸುವ ಪಡೆಗಳು ಜಗತ್ತಿನಲ್ಲಿ ಆಮೇಲೆ ಎಷ್ಟು ಹುಟ್ಟಲಿಲ್ಲ! ಯೂರೋಪಿನಲ್ಲಿ ಆ ಹೊತ್ತಿಗಾಗಲೇ ಮುಸೊಲಿನಿಯ ಕರಿ ಅಂಗಿಯವರು ಇಟಲಿಯನ್ನು ಹಿಡಿದಿದ್ದರು. ಹರ್ಡೀಕರರ ನಿಲುವು ಬೇರೆ. ಏಟಿಗೆ ತಿರುಗೇಟು ಕೊಡಬಾರದು ಅನ್ನುವವನಿಗೇ ಸಿಪಾಯಿಗಿಂತ ಹೆಚ್ಚಿನ ತಾಲೀಮು ಬೇಕು ಅನ್ನುವುದು ಅವರ ಕೆಲಸದಿಂದ ಕಾಣುತ್ತದೆ. ಕೈಯೆತ್ತಬೇಡ ಅಂದಾಗ ಕೈಯೆತ್ತದೆ ನಿಲ್ಲುವುದು ತಾನಾಗಿ ಬರುವ ಗುಣವಲ್ಲ. ಜವಾಹರಲಾಲ್ ನೆಹರೂ ಇವರ ಪರವಾಗಿ ನಿಂತರು. ಕಡೆಗೆ ಪ್ರಸ್ತಾಪ ಅಂಗೀಕಾರವಾಯಿತು. 1923ರ ಡಿಸೆಂಬರ್ 28ರಂದು ಹಿಂದೂಸ್ತಾನಿ ಸೇವಾ ಮಂಡಲ ಹುಟ್ಟಿತು. ನೆಹರೂ ಮೊದಲ ಅಧ್ಯಕ್ಷರು. ದಿನನಿತ್ಯದ ಭಾರವೆಲ್ಲ ಹರ್ಡೀಕರರ ಹೆಗಲಿಗೆ. ಮುಂದೆ ಇದೇ ಹಿಂದೂಸ್ತಾನಿ ಸೇವಾದಳ ಆಯಿತು.

ಆಮೇಲೆ ಒಂದೇ ವರ್ಷಕ್ಕೆ ಪರೀಕ್ಷೆಯ ಕಾಲ ಬಂತು. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. 2024ಕ್ಕೆ ಅದರ ನೂರು ವರ್ಷ ತುಂಬಿದಾಗ ಬೆಳಗಾವಿಯಲ್ಲಿ ದೊಡ್ಡ ಕಾರ್ಯಕ್ರಮ ಆದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೀರಿ. ಗಂಗಾಧರರಾವ್ ದೇಶಪಾಂಡೆಯವರು ಇಡೀ ಏರ್ಪಾಟಿನ ಯಜಮಾನರು. ಊರ ಹೊರಗಿನ ಬಯಲಲ್ಲಿ ವಿಜಯನಗರ ಅಂತ ಹೆಸರಿಟ್ಟು ಒಂದು ಬಿಡಾರದ ಊರನ್ನೇ ಎಬ್ಬಿಸಿದರು. ಕುಡಿಯುವ ನೀರಿಗೆ ಬಾವಿ ತೋಡಿಸಿ ಪಂಪಾ ಸರೋವರ ಅಂತ ಕರೆದರು. ಆ ಬಾವಿ ಇವತ್ತಿಗೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಅಲ್ಲಿನವರ ಬಾಯಲ್ಲಿ ಹೆಸರು.

ಸಾವಿರಾರು ಜನ ಬಯಲಲ್ಲಿ ದಿನಗಟ್ಟಲೆ ಇದ್ದರೆ ಏನಾಗುತ್ತದೆ ಅನ್ನುವುದು ಜಾತ್ರೆ ನೋಡಿದವರಿಗೆ ಹೇಳಬೇಕಾಗಿಲ್ಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ಮುಗಿದ ಮಾರನೆ ದಿನ ಬಂದು ನೋಡಿ. ಭಾಷಣ ಯಾರೂ ಮಾಡಬಹುದು. ಕಕ್ಕಸಿನ ಗುಂಡಿ ತೋಡುವವರು ಯಾರು, ಅದರ ಮೇಲೆ ಮಣ್ಣು ಎಳೆಯುವವರು ಯಾರು, ಎಂಜಲೆಲೆ ಎತ್ತುವವರು ಯಾರು? ಅಲ್ಲಿಯವರೆಗೆ ಇಂಥ ಕೆಲಸ ಒಂದು ಜಾತಿಯವರ ಹಣೆಬರಹ ಅಂತ ಬಿಟ್ಟಿದ್ದರು. ಬೆಳಗಾವಿಯಲ್ಲಿ ಸ್ವಯಂಸೇವಕರೇ ಅದನ್ನು ಕೈಗೆತ್ತಿಕೊಂಡರು. ಅವರಲ್ಲಿ ಮೇಲುಜಾತಿಯವರು ಅನ್ನಿಸಿಕೊಂಡ ಮನೆಗಳ ಓದಿದ ಹುಡುಗರೂ ಇದ್ದರು. ಅವತ್ತಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮನೆಗೆ ಹೋದರೆ ಒಳಗೆ ಸೇರಿಸುತ್ತಾರೋ ಇಲ್ಲವೋ ಅನ್ನುವ ಪರಿಸ್ಥಿತಿ. ಸ್ವಾತಂತ್ರ್ಯ ಹೋರಾಟದಲ್ಲಿ ಗುಂಡಿಗೆ ಎದೆ ಒಡ್ಡಿದವರನ್ನು ನಾವು ನೆನೆಯುತ್ತೇವೆ, ನೆನೆಯಬೇಕಾದ್ದೇ. ಸಲಿಕೆ ಹಿಡಿದು ಪಾಯಿಖಾನೆ ಶುಚಿ ಮಾಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸ್ವಯಂಸೇವಕರ ಕೆಲಸವನ್ನು ಗಾಂಧೀಜಿ ಮೆಚ್ಚಿಕೊಂಡರು.

ಹೆಂಗಸರ ಪಾಲನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅನ್ನುವ ಮಹಾತಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಭಗಿನಿ ಮಂಡಲ ಕಟ್ಟಿದರು, ತಿಲಕ ಕನ್ಯಾಶಾಲೆ ನೋಡಿಕೊಂಡರು, ಸೇವಾದಳದ ಮಹಿಳಾ ವಿಭಾಗದ ಮುಂದಾಳಾದರು. ಬೆಳಗಾವಿ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಮಂದಿ ಸ್ವಯಂಸೇವಕಿಯರನ್ನು ಅವರು ಕರೆತಂದರು. ಅವರಲ್ಲಿ ಎಷ್ಟೋ ಜನ ವಿಧವೆಯರು. ಮನೆಯ ಮೂಲೆಯಿಂದ ಎದ್ದು ಹೊರಗೆ ಬಂದರೆ ಅಪಶಕುನ ಅನ್ನುತ್ತಿದ್ದ ಕಾಲದಲ್ಲಿ ಸಾವಿರಾರು ಜನರ ಊಟ ಉಪಚಾರದ ಉಸ್ತುವಾರಿ ಅವರ ಕೈಯಲ್ಲಿತ್ತು. ನಮ್ಮ ಊರಿನ ಸ್ತ್ರೀಶಕ್ತಿ ಗುಂಪಿನ ಅಕ್ಕತಂಗಿಯರು ಇದನ್ನು ಓದಬೇಕು ಅಂತಲೇ ಬರೆದಿದ್ದೇನೆ. ಉಮಾಬಾಯಿ ನೂರರ ಹತ್ತಿರದ ತನಕ ಬದುಕಿ 1992ರಲ್ಲಿ ತೀರಿಕೊಂಡರು.

ಆಮೇಲಿನ ಏಳೆಂಟು ವರ್ಷ ಹರ್ಡೀಕರರಿಗೆ ತಿರುಗಾಟವೇ ತಿರುಗಾಟ. ದೇಶದ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಶಿಬಿರ, ದಳದ ಶಾಖೆಗಳು. ಬಾಗಲಕೋಟೆಯಲ್ಲಿ ತರಬೇತಿಯ ಏರ್ಪಾಟು. ಸ್ವಯಂಸೇವಕರಿಗಾಗಿಯೇ ಇಂಗ್ಲಿಷಿನಲ್ಲಿ ವಾಲಂಟಿಯರ್ ಅನ್ನುವ ಪತ್ರಿಕೆ. ಹಣದ ಅಡಚಣೆ ಸದಾ ಇದ್ದದ್ದೇ. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬಾವುಟ ಹಾರಿಸಿ ವಂದನೆ ಸಲ್ಲಿಸುವ ಪದ್ಧತಿಯನ್ನು ದಳ ಬೆಳೆಸಿತು. ಬಾವುಟಕ್ಕೂ ಒಂದು ಕ್ರಮ ಇದೆ, ನೆಲಕ್ಕೆ ತಾಗಬಾರದು, ತಲೆಕೆಳಗಾಗಬಾರದು, ಹೊತ್ತಿಗೆ ಸರಿಯಾಗಿ ಏರಬೇಕು ಅನ್ನುವುದನ್ನು ಜನರಿಗೆ ರೂಢಿ ಮಾಡಿಸಿದವರಲ್ಲಿ ಸೇವಾದಳದವರು ಮೊದಲಿಗರು. ಬಾವುಟ ಅಂದರೆ ನಮ್ಮ ಸೀಮೆಯ ಜನಕ್ಕೆ ದೂರದ ಸಂಗತಿಯಲ್ಲ. ನಮಗೆ ನೆರೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಾಗರ ಪೂಜೆಗೆ ನಾವೆಲ್ಲ ಹೋಗಿ ಬರುವ ಆ ಅಶ್ವತ್ಥಮರದ ತಾಣದಲ್ಲಿ, 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿಸಿದರು. ಅಲ್ಲಿ ಸತ್ತವರೆಲ್ಲ ನಮ್ಮ ನಿಮ್ಮ ಹಾಗೆ ಹಳ್ಳಿಗರು. ಹರ್ಡೀಕರರ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದ ಹೆಣ್ಣುಮಕ್ಕಳು ಈಗಲೂ ರಾಷ್ಟ್ರಧ್ವಜ ಹೊಲಿಯುತ್ತಾರೆ.

1930ರ ಉಪ್ಪಿನ ಸತ್ಯಾಗ್ರಹ ಬಂದಾಗ ದಳದ ತರಬೇತಿಯ ಬೆಲೆ ಎಲ್ಲರಿಗೂ ತಿಳಿಯಿತು. 1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯನ್ನಾಗಿ ಮಾಡಿಕೊಂಡಿತು. ಇದು ಗೌರವವೂ ಹೌದು, ಬೇರೊಂದು ರೀತಿಯಲ್ಲಿ ನಷ್ಟವೂ ಹೌದು ಅಂತ ನನ್ನ ಅನಿಸಿಕೆ. ತಾನೇ ಕಟ್ಟಿದ ಸಂಸ್ಥೆ ದೊಡ್ಡದಾಗಿ ಇನ್ನೊಂದರ ಅಂಗವಾದಾಗ ಕಟ್ಟಿದವನ ಮಾತಿಗೆ ಮೊದಲಿನ ತೂಕ ಇರುವುದಿಲ್ಲ. ಸಂಘ ಸಂಸ್ಥೆ ನಡೆಸಿದ ಹಿರಿಯರಿಗೆ ಈ ನೋವಿನ ರುಚಿ ಗೊತ್ತು. ಮರುವರ್ಷ, 1932ರ ಆರಂಭದಲ್ಲಿ ಸರ್ಕಾರ ಕಾಂಗ್ರೆಸ್ಸಿನ ಜೊತೆಗೆ ಸೇವಾದಳವನ್ನೂ ನಿಷೇಧಿಸಿತು. ಹರ್ಡೀಕರರಿಗೆ ಸೆರೆವಾಸ. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದ ಮೇಲೂ ಸೇವಾದಳದ ಮೇಲಿನ ನಿಷೇಧವನ್ನು ತೆಗೆಯಲಿಲ್ಲ. ಭಾಷಣಕಾರರಿಗಿಂತ ಈ ಸಾಲಾಗಿ ನಿಲ್ಲುವವರನ್ನು ಕಂಡರೆ ಸರ್ಕಾರಕ್ಕೆ ಹೆಚ್ಚು ಭಯ ಇತ್ತು ಅಂತ ಕಾಣುತ್ತದೆ.

ಇಷ್ಟರ ನಡುವೆ ಡಾಕ್ಟರ ವೈದ್ಯ ವಿದ್ಯೆ ಏನಾಯಿತು? 1929ರಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಡಾ. ಕೊಕಟನೂರರ ಜೊತೆಗೂಡಿ ಕರ್ನಾಟಕ ಆರೋಗ್ಯಧಾಮ ಅನ್ನುವ ಆಸ್ಪತ್ರೆಯನ್ನು ಶುರು ಮಾಡಿದ್ದರು. ಪಟ್ಟಣದಲ್ಲಿ ಮಾಡದೆ ಹಳ್ಳಿಗಾಡಿನಲ್ಲಿ ಮಾಡಿದರು ಅನ್ನುವುದನ್ನು ಗಮನಿಸಬೇಕು. ಮಿಷಿಗನ್ನಿನಲ್ಲಿ ಓದಿದ ಸಾರ್ವಜನಿಕ ಆರೋಗ್ಯದ ಪಾಠ ಕಡೆಗೂ ನದಿ ದಂಡೆಯ ರೈತರ ಮನೆಗೆ ತಲುಪಿತು. ದಳದ ಕೆಲಸ ಕೈತಪ್ಪಿದಾಗಲೆಲ್ಲ ಅವರಿಗೆ ಘಟಪ್ರಭಾ ಇತ್ತು. ಸಹಕಾರಿಗಳಾದ ನಮಗೆ ಹೆಮ್ಮೆ ಆಗುವ ಒಂದು ಸಂಗತಿ ಇಲ್ಲೇ ಇದೆ: ಅದೇ ಘಟಪ್ರಭಾದಲ್ಲಿ ಮುಂದೆ ಜೆ.ಜಿ. ಸಹಕಾರಿ ಆಸ್ಪತ್ರೆ ಬೆಳೆಯಿತು. ಷೇರುದಾರರ ದುಡ್ಡಿನಲ್ಲಿ ಆಸ್ಪತ್ರೆ! ಗೊಬ್ಬರ, ಬಿತ್ತನೆ ಬೀಜ, ಬೆಳೆ ಸಾಲದ ಆಚೆಗೂ ಸಹಕಾರಕ್ಕೆ ಜಾಗ ಇದೆ ಅಂತ ವಾರ್ಷಿಕ ಮಹಾಸಭೆಯಲ್ಲಿ ನಾನು ಹೇಳಿದಾಗೆಲ್ಲ ನಗುವ ಮಿತ್ರರು ಒಂದು ಸಲ ಅಲ್ಲಿಗೆ ಹೋಗಿ ಬರಬೇಕು.

ಸ್ವಾತಂತ್ರ್ಯ ಬಂತು. 1952ರಿಂದ 1962ರವರೆಗೆ ಹರ್ಡೀಕರರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಇವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೇನೆ, ಯಾಕೆಂದರೆ ಅವರ ಬದುಕಿನಲ್ಲಿ ಇವುಗಳ ಜಾಗ ಅಷ್ಟೇ ಅಂತ ನನಗೆ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ಹೋರಾಟ ಮುಗಿಯಿತು, ಇನ್ನು ಸ್ವಯಂಸೇವಕರು ಯಾಕೆ? ರಸ್ತೆಗೆ ಸರ್ಕಾರ, ಕೆರೆಗೆ ಸರ್ಕಾರ, ಆಸ್ಪತ್ರೆಗೆ ಸರ್ಕಾರ. ಜನರ ಮನಸ್ಸು ಆ ಕಡೆ ವಾಲಿತ್ತು. ಕಾಂಗ್ರೆಸ್ಸಿನ ಸೇವಾದಳ ಆ ಪಕ್ಷದ ಒಂದು ವಿಭಾಗವಾಗಿ ಮುಂದುವರಿಯಿತು, ಇವತ್ತಿಗೂ ಇದೆ. ಆದರೆ ಕರ್ನಾಟಕದ ಶಾಲೆಗಳಲ್ಲಿ ನಾವು ಕಾಣುವ ಭಾರತ ಸೇವಾದಳ ಪಕ್ಷದ್ದಲ್ಲ, ಮಕ್ಕಳದ್ದು, ಮೇಷ್ಟ್ರುಗಳದ್ದು. ಚುನಾವಣೆ ಬಂದಾಗ ಈ ಎರಡನ್ನೂ ಒಂದೇ ಅಂತ ತಿಳಿದು ಜಗಳ ಆಡುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ. ಮಕ್ಕಳ ಈ ಸಂಸ್ಥೆಯೂ ಸ್ಥಾಪಕರು ಅಂತ ನೆನೆಯುವುದು ಹರ್ಡೀಕರರನ್ನೇ. ದೊಡ್ಡವರನ್ನು ತಿದ್ದುವುದಕ್ಕಿಂತ ಹತ್ತು ವರ್ಷದ ಹುಡುಗರಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸುವುದು ಸುಲಭ ಅಂತ ಮುಪ್ಪಿನಲ್ಲಿ ಅವರಿಗೆ ಅನ್ನಿಸಿತೋ ಏನೋ.

ನಮ್ಮಲ್ಲೂ ಹಿಂದೆ ಮುಯ್ಯಾಳು ಅನ್ನುವ ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರುತ್ತೀಯ. ಸಹಕಾರ ಅನ್ನುವ ಮಾತು ಹುಟ್ಟುವ ಮೊದಲೇ ನಮ್ಮ ಜನ ಮಾಡುತ್ತಿದ್ದ ಸಹಕಾರ ಅದು. ಊರಿನ ಹೆಸರಲ್ಲೇ ಏರಿಯನ್ನು ಇಟ್ಟುಕೊಂಡ ದೊಡ್ಡೇರಿಯವರಿಗೆ ಏರಿಯ ಕೆಲಸಕ್ಕೆ ಮನೆಗೊಂದು ಆಳು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಆದರೆ ಮುಯ್ಯಿಗೂ ಸೇವೆಗೂ ಒಂದು ವ್ಯತ್ಯಾಸ ಉಂಟು. ಮುಯ್ಯಿ ತಿರುಗಿ ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ತೇರಿನಲ್ಲಿ ಬಿದ್ದ ಅಜ್ಜಿ ಯಾವ ಊರಿನವರೋ, ಆಕೆ ನಮಗೆ ಏನನ್ನೂ ತಿರುಗಿ ಕೊಡುವವರಲ್ಲ. ಹರ್ಡೀಕರರು ಹುಡುಗರನ್ನು ತಯಾರು ಮಾಡಿದ್ದು ಆ ಎರಡನೆಯ ಬಗೆಯ ಕೆಲಸಕ್ಕೆ.

ಅವರಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಶಿಸ್ತು, ಸಮಯ, ಸಾಲು ಇವುಗಳ ಮೇಲೆ ಅವರು ಇಟ್ಟ ನಂಬಿಕೆ ಈಗಿನ ಹುಡುಗರಿಗೆ ಸ್ವಲ್ಪ ಅತಿಯಾಯಿತು ಅನ್ನಿಸಬಹುದು. ನನಗೂ ಕೆಲವೊಮ್ಮೆ ಹಾಗನ್ನಿಸಿದೆ. ಹೊಲದ ಕೆಲಸ ಬಿಟ್ಟು ಬರುವ ಬಡವರ ಮಗ ದಿನಾ ಬೆಳಿಗ್ಗೆ ಕವಾಯತಿಗೆ ಎಲ್ಲಿಂದ ಬರುತ್ತಾನೆ? ಆದರೆ ಕೋವಿಡ್ ಬಂದ 2020 ಮತ್ತು 2021ರ ದಿನಗಳನ್ನು ನೆನೆಸಿಕೊಂಡಾಗ ನನ್ನ ಮನಸ್ಸು ಬದಲಾಗುತ್ತದೆ. ಅಕ್ಕಿ ಬೇಳೆಯ ಚೀಲ ಹಂಚಿ ಫೋಟೋ ತೆಗೆಸಿಕೊಂಡವರು ಎಷ್ಟೋ ಜನ. ಜ್ವರ ಬಂದ ಮನೆಯ ಬಾಗಿಲಿಗೆ ದಿನಾ ಹೋಗಿ ವಿಚಾರಿಸಿಕೊಂಡು ಬರುವ ಕೆಲಸ ಆಶಾ ಕಾರ್ಯಕರ್ತೆಯರ ತಲೆಗೆ ಬಿತ್ತು. ಗ್ರಾಮಕ್ಕೆ ಹತ್ತು ಜನ ತರಬೇತಾದ ಯುವಕರು ಅವರ ಜೊತೆ ನಿಂತಿದ್ದರೆ ಎಷ್ಟು ಹಗುರವಾಗುತ್ತಿತ್ತು! ಪ್ಲೇಗಿನ ಕಾಲದ ಮಗು ಹರ್ಡೀಕರರಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲ.

1975ರ ಆಗಸ್ಟ್ 26ರಂದು, 86ನೆಯ ವಯಸ್ಸಿನಲ್ಲಿ ಡಾ. ಹರ್ಡೀಕರರು ತೀರಿಕೊಂಡರು. ಅವರ ಜನ್ಮಶತಮಾನೋತ್ಸವದ ವರ್ಷವಾದ 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಬೆಳಗಾವಿಯಿಂದ ಮೀರಜಿಗೆ ಹೋಗುವ ರೈಲಿನ ದಾರಿಯಲ್ಲಿ ಘಟಪ್ರಭಾ ನಿಲ್ದಾಣ ಸಿಗುತ್ತದೆ. ಸವದತ್ತಿ ಎಲ್ಲಮ್ಮನಿಗೋ ಗೋಕಾಕ ಜಲಪಾತ ನೋಡಲಿಕ್ಕೋ ನಮ್ಮ ಕಡೆಯವರು ಬಸ್ಸು ಮಾಡಿಕೊಂಡು ಹೋಗುವುದುಂಟು. ಜಲಪಾತದಿಂದ ಘಟಪ್ರಭಾ ದೂರವೇನಲ್ಲ. ಈ ಸಲ ಹೋದಾಗ ಅಲ್ಲಿಗೂ ಒಂದು ಗಳಿಗೆ ಹೋಗಿ ಬನ್ನಿ.